ಛಾಪಾ ಕಾಗದ ಕಂಡರೆ ಕೆಂಡವಾಗುವ ಶಿದ್ಲಿಂಗಪ್ಪ

೧೯೩೯ರ ಮಾಗಿಯ ಚಳಿ. ಹಾನಗಲ್ಲಿನ ನೋಂದಣಿ ಕಚೇರಿಯ ಬಾಗಿಲು ತೆರೆಯಲು ಇನ್ನೂ ಮೂರು ತಾಸು ಇದೆ. ಎದುರಿನ ಬೇವಿನ ಮರದ ಕೆಳಗೆ ಪತ್ರ ಬರೆಯುವ ಶಿದ್ಲಿಂಗಪ್ಪನವರು ಆಗಲೇ ಚಾಪೆ ಹಾಸಿ, ಲೇಖನಿಯ ಮಸಿ ಹತ್ತಿದ ಟಾಕು ಒರೆಸುತ್ತ ಕುಳಿತಿದ್ದಾರೆ. ಆಡೂರಿನ ಬಂಡಿಯೊಂದು ಬಂದು ನಿಲ್ಲುತ್ತದೆ. ಎಪ್ಪತ್ತು ದಾಟಿದ ವೀರವ್ವನನ್ನು ಅವಳ ಮೈದುನನ ಮಗ ಪರಮೇಶ್ವರಪ್ಪ ಕೈಹಿಡಿದು ಇಳಿಸುತ್ತಾನೆ. ಅಬ್ಬಬ್ಬಾ, ಏನು ನಯ, ಏನು ವಿನಯ!

“ದೊಡ್ಡವ್ವನ ಮೃತ್ಯುಪತ್ರ ಬರೀಬೇಕ್ರಿ. ಕಾಗದ ನಾನ ತಂದೇನಿ,” ಎಂದು ಸರಕಾರಿ ಮುದ್ರೆಯ ಛಾಪಾ ಕಾಗದ ಚಾಚುತ್ತಾನೆ.

ಶಿದ್ಲಿಂಗಪ್ಪನವರ ಮೋರೆ ಬಿಗಿಯುತ್ತದೆ. ಸತ್ತ ಮೇಲೆ ಆಸ್ತಿ ಯಾರಿಗೆ ಎಂದು ಹೇಳುವ ಮೃತ್ಯುಪತ್ರಕ್ಕೆ ಛಾಪಾ ಬೇಕಿಲ್ಲ, ಬಿಳಿ ಕಾಗದ ಸಾಕು. ಛಾಪಾ ಬೇಕಾಗುವುದು ಬದುಕಿರುವಾಗಲೇ ಆಸ್ತಿ ದಾನ ಕೊಡುವ ಬಕ್ಷೀಸ ಪತ್ರಕ್ಕೆ. ಅದಕ್ಕೆ ಹೆಬ್ಬೆಟ್ಟು ಒತ್ತಿ ನೋಂದಣಿಯಾಯಿತೋ, ಹೊಲ ಇವತ್ತೇ ಕೈಬಿಟ್ಟಂತೆ. ಮುದುಕಿಗೆ ಒಂದು ಪತ್ರದ ಹೆಸರು ಹೇಳಿ ಇನ್ನೊಂದಕ್ಕೆ ಹೆಬ್ಬೆಟ್ಟು ಒತ್ತಿಸುವ ಈ ಹೊಲಸು ಕಸುಬು ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಹಾಡಹಗಲೇ ನಡೆಯುತ್ತಿದೆ. ಕಳ್ಳರಾದರೂ ಕತ್ತಲಾಗುವ ತನಕ ಕಾಯುತ್ತಾರೆ. ಇವರಿಗೆ ಅಷ್ಟೂ ನಾಚಿಕೆಯಿಲ್ಲ.

ಮೂವತ್ತು ವರ್ಷಗಳಿಂದ ಬರೆಯುತ್ತಿರುವ ಶಿದ್ಲಿಂಗಪ್ಪನವರೂ ಒಮ್ಮೆ ಇದಕ್ಕೆ ಕೈಜೋಡಿಸಿದವರೇ. ಹನ್ನೆರಡು ವರ್ಷಗಳ ಹಿಂದೆ ಬಂಕಾಪುರದ ದುರಗವ್ವನ ಬಕ್ಷೀಸ ಪತ್ರ ಬರೆದರು. ಅದನ್ನು ಅವಳ ಮನೆಯ ಗಂಡಸರ ಎದುರಿಗೇ ಕಚೇರಿಯ ಭಾಷೆಯಲ್ಲಿ ಗಡಗಡ ಓದಿ, “ಒಪ್ಪಿಗೇನವ್ವಾ?” ಎಂದು ಕೇಳಿದರು. ಗಂಡಸರು ಸುತ್ತ ನಿಂತಿರುವಾಗ ನಮ್ಮ ಯಾವ ಮುದುಕಿ ಒಲ್ಲೆ ಅಂದಾಳು? ಸೆರಗು ಮುಂದೆಳೆದುಕೊಂಡು “ಹೂಂ” ಅಂದಳು.

“ಶೇಂಗಾ ಕೀಳೂ ಹೊತ್ತಿಗೆ ಬಂದು ಇಲ್ಲೇ ಕುಂತ್ಲರಿ, ಗಂಟು ಹೊತಗೊಂಡು. ತನ್ನ ಹೊಲದಾಗ ಒಂದು ಹಿಡಿ ಕಿತ್ತಿದ್ದಕ್ಕ ಕಳ್ಳಿ ಅಂದು ಹೊರಗ ಹಾಕಿದ್ರಂತ. ಬರದ ಕೈ ನಂದು. ಯಾರನ್ನ ಬೈಲಿ?” ಎಂದು ಕೇಳಿದವರಿಗೆಲ್ಲ ಇವತ್ತಿಗೂ ಹೇಳುತ್ತಾರೆ.

ಅಂದಿನಿಂದ ಅವರದೊಂದು ಹಟ. ದಿನಕ್ಕೆ ಬರುವ ಐದಾರು ಕಾಗದಗಳಲ್ಲಿ ಒಂದೆರಡಾದರೂ ವಯಸ್ಸಾದವರವು. ಅವರನ್ನು ಕರೆತಂದವರು ದೂರ ಹೋಗುವ ತನಕ ಇವರು ಟಾಕು ಮುಟ್ಟುವುದಿಲ್ಲ. ಅರ್ಧಕ್ಕರ್ಧ ಗಿರಾಕಿಗಳು ಮೂಗು ಮುರಿದು ಪಕ್ಕದ ಬರಹಗಾರರ ಕಡೆ ಎದ್ದು ಹೋಗುತ್ತಾರೆ. ಅಲ್ಲಿ ಕೇಳುವವರಿಲ್ಲ, ಹೇಳುವವರಿಲ್ಲ, ಅರ್ಧ ತಾಸಿನಲ್ಲಿ ಕೆಲಸ ಫೈಸಲ್ಲು. ಶಿದ್ಲಿಂಗಪ್ಪನವರಿಗೆ ಸಿಕ್ಕಿರುವುದು ತಲೆತಿರುಕ ಎಂಬ ಬಿರುದು!

ಪರಮೇಶ್ವರಪ್ಪನನ್ನೂ ಎತ್ತುಗಳಿಗೆ ನೀರು ಕುಡಿಸಿಕೊಂಡು ಬಾ ಎಂದು ಕೆರೆಗೆ ಅಟ್ಟುತ್ತಾರೆ. ಅವನು ಮರೆಯಾದ ಮೇಲೆ ವೀರವ್ವನಿಗೆ ಒಂದೇ ಪ್ರಶ್ನೆ.

“ಇವತ್ತ ಹೆಬ್ಬಟ್ಟ ಒತ್ತಿದಿ ಅಂತ ತಿಳಿ. ಮುಂದಿನ ಸುಗ್ಗಿ ಜ್ವಾಳ ಯಾರದವ್ವ?”

“ನಂದ! ನಮ್ಮಪ್ಪ ಉಡಿ ತುಂಬುವಾಗ ಕೊಟ್ಟ ಹೊಲ ಅದು. ನಾ ಇರೂತನಕ ನಂದು, ನಾ ಹ್ವಾದ ಮ್ಯಾಲ ಅವಂದು.”

“ಈ ಕಾಗದಕ್ಕ ಒತ್ತಿದ್ರ ಇವತ್ತ ಅವಂದಾಗ್ತದ. ನಾಳೆಯಿಂದ ನಿನ್ನ ಹೊಟ್ಟಿ ಅವನ ಮರ್ಜಿ.”

ಮುದುಕಿ ಒಮ್ಮೆಲೇ ಉರಿದೇಳುತ್ತಾಳೆ. “ಹೆಂಗಿದ್ರೂ ಅವಗ ಕೊಡಾಕಿ ಇದ್ನಲ್ಲಪಾ! ನಾ ಸಾಯೂತನಕ ತಡೀಲಾರದಷ್ಟು ಅವಸರ ಏನಿತ್ತು ಆ ಭಾಡ್ಯಾಗ?”

ಶಿದ್ಲಿಂಗಪ್ಪನವರು ಬಿಳಿ ಕಾಗದ ತೆಗೆದು ಅವಳ ಮಾತನ್ನೇ ಬರೆಯುತ್ತಾರೆ, ಅವಳ ಮಾತಿನಲ್ಲೇ ಓದಿ ಹೇಳುತ್ತಾರೆ. ಸವಣೂರಿನಿಂದ ಅತ್ತರು ಮಾರಲು ಬಂದ ಅಕ್ಬರಸಾಬ, ಎಣ್ಣೆಯಂಗಡಿಯ ಗುತ್ತೆಪ್ಪ ಸಾಕ್ಷಿಗೆ ಕೂರುತ್ತಾರೆ. ಹೆಬ್ಬೆಟ್ಟಿನ ಮಸಿ ಆರುವ ಮೊದಲೇ ಪರಮೇಶ್ವರಪ್ಪ ಮರಳಿ ಬಂದು, ಕಾಗದ ನೋಡಿ ಹಾರಾಡುತ್ತಾನೆ.

“ನಮ್ಮ ಮನಿ ವ್ಯವಹಾರದಾಗ ನೀ ಯಾವಾಂವ? ಶಿಗ್ಗಾಂವಿಗೆ ಕರಕೊಂಡು ಹೋಗಿ ಬರಸ್ತೇನಿ!”

“ಯಾರನ್ನ ಕರಕೊಂಡು ಹೋಗ್ತೀ? ನಾ ಬರಂಗಿಲ್ಲ,” ಎನ್ನುತ್ತಾಳೆ ವೀರವ್ವ. ಸೆರಗು ಮುಂದೆಳೆದುಕೊಳ್ಳುವುದಿಲ್ಲ. ಶಿದ್ಲಿಂಗಪ್ಪನವರ ಕಡೆ ತಿರುಗಿ ಕೇಳುತ್ತಾಳೆ: “ಬರದದ್ದನ್ನ ನಾಳೆ ಬದಲಿ ಮಾಡಾಕ ಬರ್ತದೇನಪಾ?”

“ಜೀವ ಇರೂತನಕ ಎಷ್ಟ ಸಲ ಬೇಕಾದ್ರೂ ಮಾಡ್ಬಹುದವ್ವ.”

“ಕೇಳಿದೇನೋ, ಪರಮೇಶೀ?”

ಕಚೇರಿ ತೆರೆದ ಮೇಲೆ ಮೃತ್ಯುಪತ್ರ ನೋಂದಣಿಯಾಗುತ್ತದೆ, ಪರಮೇಶ್ವರಪ್ಪನೇ ಬಂಡಿ ಹೂಡುತ್ತಾನೆ. ಇಷ್ಟೆಲ್ಲ ಆಗುವಾಗ ಪಕ್ಕದ ಮರದ ಕೆಳಗೆ ಇನ್ನೊಬ್ಬ ಬರಹಗಾರ ಇನ್ನೊಬ್ಬ ಮುದುಕನ ಹೆಬ್ಬೆಟ್ಟನ್ನು ಛಾಪಾ ಕಾಗದಕ್ಕೆ ಒತ್ತಿಸುತ್ತಿದ್ದಾನೆ. ಶಿದ್ಲಿಂಗಪ್ಪನವರು ಅತ್ತ ನೋಡಿ ಥೂ ಎಂದು ಉಗುಳುತ್ತಾರೆ.

ಇಷ್ಟಕ್ಕೂ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಟಾಕು ಒರೆಸುತ್ತ ಹೇಳುತ್ತಾರೆ: “ನನಗೇನ ಬ್ಯಾಡ್ರಿ. ನಾ ಬರದ ಕಾಗದದ ಮುದುಕ್ಯಾರು ತಮ್ಮ ಹೊಲದ ರೊಟ್ಟಿ ತಿನಕೋತ, ತಮ್ಮ ಮನ್ಯಾಗ ಸತ್ರು ಅಂತ ಸುದ್ದಿ ಬಂದ್ರ ಸಾಕು.”