ಬಣ್ಣ ಬಿಡದ ಬೀಟ್‌ರೂಟಿಗಾಗಿ

ಆಯ್ಕೆಯ ಸ್ವಾತಂತ್ರ್ಯವೇ ಮನುಷ್ಯನನ್ನು ಪ್ರಾಣಿಗಳಿಂದ ಬೇರೆ ಮಾಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರು ತಿಪಟೂರಿನ ಬೀಜದಂಗಡಿಗೆ ಹೋಗಿ ಬೀಟ್‌ರೂಟ್ ಬೀಜ ಕೇಳಿದವರಲ್ಲ. ಅಲ್ಲಿ ಮೂರು ತಳಿಯ ಪೊಟ್ಟಣಗಳಿದ್ದವು. ಮೂರರ ಮೇಲೂ ಒಂದೇ ಚಿತ್ರವಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ಬಿಳಿಗೆರೆ ಕಡೆಯ ತೆಂಗಿನ ತೋಟ. ಆ ವರ್ಷ ಅಮ್ಮನಿಗೆ ತಲೆಸುತ್ತು ಶುರುವಾಗಿತ್ತು. ಹಿತ್ತಿಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಒಲೆಯ ಮುಂದೆ ನಿಲ್ಲುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಊಟವೂ ಒಂದು ತುತ್ತು ಮುದ್ದೆ, ಒಂದು ಲೋಟ ಮಜ್ಜಿಗೆಗೆ ಇಳಿದಿತ್ತು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಪರೀಕ್ಷೆಯನ್ನೂ ಮಾಡಿಸಿ, ರಕ್ತ ಕಡಿಮೆ ಇದೆ ಎಂದರು. ಬರೆದುಕೊಟ್ಟ ಮಾತ್ರೆ ಅವಳ ಹೊಟ್ಟೆಗೆ ಒಗ್ಗಲಿಲ್ಲ. ಮತ್ತೆ ಹೋಗಿ ಹೇಳಿದ್ದಕ್ಕೆ, “ಹಾಗಾದ್ರೆ ದಿನಾ ಬೀಟ್‌ರೂಟ್ ಕೊಡಿ” ಎಂದರು.

ಡಾಕ್ಟರಿಗೆ ನಮ್ಮ ಮನೆಯ ಚರಿತ್ರೆ ತಿಳಿದಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಮನೆತನದಲ್ಲಿ ಬೀಟ್‌ರೂಟು ಹೊಸ್ತಿಲು ದಾಟಿದ್ದು ಒಂದೇ ಸಲ. ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ಸಂತೆಯಿಂದ ಎರಡು ಗಡ್ಡೆ ತಂದು ಈಳಿಗೆಮಣೆಯ ಮುಂದೆ ಕೂತಿದ್ದಳು. ಒಳಗೆ ಬಂದ ಅಮ್ಮ ಅವಳ ಕೈಯನ್ನೂ ನೆಲವನ್ನೂ ನೋಡಿ, “ಅಯ್ಯೋ ಶಿವನೇ, ಕುರಿ ಕೊಯ್ದಂಗೈತಲ್ಲೇ!” ಎಂದವಳು ಅಡುಗೆಮನೆಯನ್ನು ಮೂರು ಸಲ ತೊಳೆಸಿದಳು. ಗಡ್ಡೆಗಳು ಹಸುವಿಗೆ ಹೋದವು. ಹಸು ಯಾವ ತಕರಾರೂ ತೆಗೆಯಲಿಲ್ಲ.

ಈಗ ಡಾಕ್ಟರ ಅಪ್ಪಣೆ ಕೇಳಿ ಅಮ್ಮ ಎರಡು ಷರತ್ತು ಹಾಕಿದಳು. “ಆ ಕೆಂಪು ಬಿಡಬಾರ್ದು. ಅದೂ ನಮ್ ತ್ವಾಟದಾಗೇ ಬೆಳ್ದಿರ್ಬೇಕು. ಅಂಥದ್ದಿದ್ರೆ ತಾರಪ್ಪ, ತಿಂತೀನಿ.”

ಇದು ಉಪಾಯವಾಗಿ ಬೇಡ ಎನ್ನುವ ರೀತಿ ಎಂದು ಹೆಂಡತಿ ಹೇಳಿದಳು. ನನಗೆ ಮಾತ್ರ ಅದು ಸವಾಲಿನಂತೆ ಕೇಳಿಸಿತು. ತೋಟದಲ್ಲಿ ಬೆಳೆದದ್ದನ್ನು ಅಮ್ಮ ಎಂದೂ ಬಿಸಾಡಿದವಳಲ್ಲ. ಬಿದ್ದ ಹೀಚುಕಾಯಿಗೂ ಒಂದು ಕೆಲಸ ಹುಡುಕುವವಳು. ಆದ್ದರಿಂದ ತಳಿಯೊಂದನ್ನು ಸರಿಯಾಗಿ ಆರಿಸಿದರೆ ಅರ್ಧ ಗೆದ್ದಂತೆ ಎಂದುಕೊಂಡು ಬಸ್ಸು ಹತ್ತಿದೆ.

ಅಂಗಡಿಯವರು ಪೊಟ್ಟಣಗಳನ್ನು ಇಸ್ಪೀಟಿನ ಎಲೆಯಂತೆ ಹರಡಿದರು. ಒಂದು ಡೆಟ್ರಾಯಿಟ್ ಡಾರ್ಕ್ ರೆಡ್. ಇನ್ನೊಂದು ಕ್ರಿಮ್ಸನ್ ಗ್ಲೋಬ್. ಮತ್ತೊಂದು ಊಟಿ ಒನ್.

“ಇದರಲ್ಲಿ ಕೆಂಪು ಕಮ್ಮಿ ಇರೋದು ಯಾವ್ದು?”

“ಎಲ್ಲಾ ಕೆಂಪೇ ಸ್ವಾಮಿ.”

“ಕೊಯ್ದ್ರೆ ಬಣ್ಣ ಬಿಡ್ದೇ ಇರೋದು, ಬೆಳ್ಳಗಿರೋದು?”

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಕರುಣೆಯಿಂದ ನೋಡಿದರು. “ಐತೆ ಸ್ವಾಮಿ. ಅದಕ್ಕೆ ಮೂಲಂಗಿ ಅಂತಾರೆ. ಕೊಡ್ಲಾ?”

ಪಕ್ಕದಲ್ಲಿ ಸೌತೆ ಬೀಜ ಕೊಳ್ಳುತ್ತಿದ್ದವನೊಬ್ಬ ಮುಖ ತಿರುಗಿಸಿಕೊಂಡು ನಕ್ಕ. ನಾನು ಮಾನ ಕಾಪಾಡಿಕೊಳ್ಳಲು ಪೊಟ್ಟಣಗಳನ್ನು ಹಿಡಿದು ಗಾಢವಾಗಿ ಯೋಚಿಸುವವನಂತೆ ನಿಂತೆ. ಮೊದಲನೆಯದರ ಹೆಸರಲ್ಲೇ ಕಡುಗೆಂಪಿತ್ತು. ಎರಡನೆಯದೂ ಅದೇ ಕುಲ. ಮೂರನೆಯದು ತಂಪು ಊರಿನದಾದ್ದರಿಂದ ಅದಕ್ಕೆ ರೋಷ ಕಡಿಮೆ ಇರಬಹುದು ಎನ್ನಿಸಿತು. ಆದರೂ ಯಾರಿಗೂ ಅನ್ಯಾಯವಾಗಬಾರದೆಂದು ಮೂರನ್ನೂ ತಂದೆ. ಮೂರನ್ನೂ ಬೆಳೆದು, ಮೂರನ್ನೂ ಕೊಯ್ದು, ಯಾವುದು ಕಡಿಮೆ ಬಣ್ಣ ಬಿಡುತ್ತದೋ ಅದನ್ನು ಅಮ್ಮನಿಗೆ ಕೊಡುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ ಸಭೆಯಲ್ಲಿ ನಾನೊಬ್ಬನೇ ಇದ್ದೆ.

ಇನ್ನು ಜಾಗ. ನಮ್ಮ ಕಡೆ ಮಣ್ಣಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದರೆ ಕುರಿ ಮಂದೆ ನಿಲ್ಲಿಸುತ್ತಾರೆ. ಹುಳಿಯಾರು ಕಡೆಯ ಕುರಿಗಾಹಿಯೊಬ್ಬರು ಪ್ರತಿ ಬೇಸಿಗೆ ತಮ್ಮ ಮಂದೆಯನ್ನು ತಂದು ನಮ್ಮ ತೋಟದಲ್ಲಿ ಎಂಟು ಹತ್ತು ರಾತ್ರಿ ತಂಗಿಸುತ್ತಿದ್ದರು. ಹಿಕ್ಕೆ, ಗಂಜಲ ಎಲ್ಲ ಮಣ್ಣಿಗಿಳಿದು ತೆಂಗು ಆ ವರ್ಷ ಮೈತುಂಬಿಕೊಳ್ಳುತ್ತಿತ್ತು. “ಈ ಮಣ್ಣಾಗೆ ಕಲ್ಲು ನೆಟ್ರೂ ಚಿಗುರ್ತೈತೆ ಯಜಮಾನ್ರೇ” ಎಂದು ಅವರು ಹೋಗುವಾಗ ಹೇಳುತ್ತಿದ್ದರು. ತೆಂಗಿನವರಿಗೆ ಇದು ವೇದವಾಕ್ಯ. ಅಮ್ಮನ ಪಥ್ಯಕ್ಕೆ ಇದಕ್ಕಿಂತ ಕಡಿಮೆ ಜಾಗ ಕೊಡುವುದು ಪಾಪವೆಂದು, ಮಂದೆ ಅತಿ ಹೆಚ್ಚು ದಿನ ನಿಂತ, ನಾಲ್ಕು ತೆಂಗಿನ ಮರಗಳ ನಡುವಿನ ನೆರಳಿನ ಜಾಗವನ್ನೇ ಆರಿಸಿದೆ. ಸಾಲದ್ದಕ್ಕೆ ಎರಡು ಮಂಕರಿ ಕೆರೆಗೋಡನ್ನೂ, ಅಂದರೆ ಕೆರೆಯ ಹೂಳನ್ನೂ, ಸುರಿದೆ.

ಹೆಂಡತಿಯ ತವರು ಹಂದನಕೆರೆ ಕಡೆ. ಅವರಪ್ಪ ಹಿತ್ತಿಲಲ್ಲಿ ತರಕಾರಿ ಬೆಳೆಯುತ್ತಿದ್ದವರು. ಅವಳು ಬಂದು ನೋಡಿ, “ರೀ, ಗಡ್ಡೆಗೆ ಇಷ್ಟೊಂದು ಗೊಬ್ಬರ ಬ್ಯಾಡ ಕಣ್ರೀ. ಬಿಸ್ಲೂ ಇಲ್ಲ ಇಲ್ಲಿ” ಎಂದಳು.

“ಗೊಬ್ಬರ ಜಾಸ್ತಿಯಾಗಿ ಕೆಟ್ಟ ಗಿಡ ಯಾವ್ದಾದ್ರೂ ಉಂಟಾ?” ಎಂದೆ.

“ನೋಡ್ತೀರ” ಎಂದು ಹೋದಳು.

ಮಳೆ ಹಿಡಿಯಿತು. ಒಂದೊಂದು ತಳಿಗೆ ಒಂದೊಂದು ಸಾಲಿನಂತೆ ಬೀಜ ಹಾಕಿದೆ. ಬೀಜ ಮೊಳೆತು ಎಲೆ ಎದ್ದ ಪರಿ ನೋಡಿ ನನ್ನ ಎದೆ ಉಬ್ಬಿತು. ಒಂದೊಂದು ಎಲೆಯೂ ಬಾಳೆಸುಳಿಯಂತೆ ಹೊಳೆಯುತ್ತಿತ್ತು. ದಾರಿಹೋಕರು ಬೇಲಿಯಾಚೆ ನಿಂತು, “ಅದೇನು ಬೆಳೆ?” ಎಂದು ಕೇಳುತ್ತಿದ್ದರು. ನಾನು ಮೂರು ಸಾಲಿನ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

ಎರಡೂವರೆ ತಿಂಗಳಿಗೆ ಕೀಳುವ ದಿನ ಬಂತು. ಅಮ್ಮನನ್ನು ಕೈ ಹಿಡಿದು ಕರೆತಂದು ಮೋಟರು ಮನೆಯ ಕಟ್ಟೆಯ ಮೇಲೆ ಕೂರಿಸಿದೆ. ಹೆಂಡತಿ ಚಾಕು, ತಟ್ಟೆ ಹಿಡಿದು ನಿಂತಳು. ನಾನು ಡೆಟ್ರಾಯಿಟ್ ಸಾಲಿನ ಮೊದಲ ಗಿಡಕ್ಕೆ ಎರಡೂ ಕೈ ಹಾಕಿ ಎಳೆದೆ. ಬಲ ಜಾಸ್ತಿಯಾಗಿ ಹಿಂದಕ್ಕೆ ಕೂತೆ. ಕೈಯಲ್ಲಿ ಒಂದು ಹೊರೆ ಎಲೆ, ಅದರ ಬುಡದಲ್ಲಿ ಇಲಿಬಾಲದಷ್ಟು ಬೇರು. ಸಾಲೆಲ್ಲ ಕಿತ್ತರೂ ಹಾಗೇ. ಕ್ರಿಮ್ಸನ್ ಗ್ಲೋಬಿನ ಒಂದು ಗಿಡ ಕಿತ್ತೆ, ಇನ್ನೊಂದು ಇಲಿ. ಊಟಿಯದೂ ಬೇರೆಯಾಗಿರಲಿಲ್ಲ.

“ಮೂರು ಜಾತಿ, ಒಂದೇ ಬಾಲ” ಎಂದಳು ಅಮ್ಮ.

“ಗೊಬ್ಬರ ಎಲ್ಲಾ ಎಲೆಗೇ ಹೋಗಿದೆ ಅತ್ತೆ, ಗಡ್ಡೆ ಎಲ್ಲಿ ಕಟ್ತದೆ? ಹೇಳಿದ್ರೆ ಕೇಳ್ಲಿಲ್ಲ ನಿಮ್ ಮಗ” ಎಂದು ಹೆಂಡತಿ ತಟ್ಟೆ ಕೆಳಗಿಟ್ಟಳು.

ನಾನು ಮಣ್ಣು ಕೊಡವಿಕೊಂಡೆ. ನಿಜವಾಗಿ ಹೊಟ್ಟೆ ಉರಿದದ್ದು ತಳಿಗಳಿಗಾಗಿ ಅಲ್ಲ. ಮಾತ್ರೆಯೂ ಹೋಯಿತು, ಗಡ್ಡೆಯೂ ಹೋಯಿತು, ಇನ್ನು ಅಮ್ಮನಿಗೆ ಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಉಳಿದದ್ದನ್ನೂ ಕಿತ್ತು ಹಸುವಿಗೆ ಹಾಕೋಣವೆಂದು ಬಗ್ಗಿದೆ.

“ಲೋ, ಬುಡು! ಕೀಳ್ಬ್ಯಾಡ!” ಎಂದು ಅಮ್ಮ ಕಟ್ಟೆಯಿಂದಲೇ ಕೂಗಿದಳು. “ಒಂದೆಲೆ ತಾ ಇಲ್ಲಿ.”

ಕೊಟ್ಟೆ. ಅಮ್ಮ ಅದನ್ನು ತಿರುಗಿಸಿ ನೋಡಿದಳು, ಉಗುರಿನಲ್ಲಿ ದಂಟು ಮುರಿದಳು, ಮೂಸಿದಳು, ಒಂದು ಚೂರನ್ನು ಅಗಿದೂ ನೋಡಿದಳು. “ಇದು ದಂಟಿನ ಸೊಪ್ಪಿನ ನೆಂಟ ಕಣಪ್ಪ. ಇಷ್ಟು ಸೊಪ್ಪು ಯಾರಾದ್ರೂ ಹಸೂಗೆ ಹಾಕ್ತಾರಾ?”

ಹೆಂಡತಿ ನಗು ತಡೆದುಕೊಂಡು, “ಅತ್ತೆ, ಬೇಯ್ಸಿದ್ರೆ ನೀರು ಕೆಂಪಗಾಗ್ತದೆ, ಆಮೇಲೆ ಬೈಬ್ಯಾಡಿ” ಎಂದಳು.

“ಕೆಂಪು ದಂಟು ಬೇಯ್ಸಿದ್ರೆ ಆಗಲ್ವೇನೇ? ಹುಟ್ದಾಗಿಂದ ತಿಂದಿಲ್ವಾ ನಾನು? ಸೊಪ್ಪಿನ ಕೆಂಪೇ ಬ್ಯಾರೆ.”

ಈ ಸಿದ್ಧಾಂತವನ್ನು ಪ್ರಶ್ನಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಅಮ್ಮ ಸೆರಗು ಒಡ್ಡಿದಳು, ಹೆಂಡತಿ ತುಂಬಿದಳು. ಅಂದು ಮಧ್ಯಾಹ್ನ ತೊಗರಿಬೇಳೆ ಹಾಕಿ ಸೊಪ್ಪು ಬೇಯಿಸಿ, ನೀರು ಬಸಿದು, ಅದೇ ಕೆಂಪು ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಲಾಯಿತು. ಸೊಸೆ ಮಾಡಿದರೆ ಹದ ಕೆಡುತ್ತದೆಂದು ಅಮ್ಮನೇ ಒಲೆಯ ಮುಂದೆ ನಿಂತಿದ್ದಳು. ಬೆನ್ನ ಹಿಂದೆ ಹೆಂಡತಿ ಸ್ಟೂಲು ಹಿಡಿದು ಕಾವಲಿದ್ದಳು. ಅಮ್ಮ ಒಂದು ಮುದ್ದೆ ಪೂರ್ತಿ ಉಂಡು, ಇನ್ನರ್ಧ ಹಾಕಿಸಿಕೊಂಡಳು.

ಉಳಿದ ಎರಡು ಸಾಲಿನಿಂದ ವಾರಕ್ಕೆ ಮೂರು ದಿನ ಎಲೆ ಕಿತ್ತೆವು. ಕಿತ್ತಷ್ಟೂ ಚಿಗುರಿತು. ದೀಪಾವಳಿಗೆ ಮುಂಚೆ ಮಾಡಿಸಿದ ಪರೀಕ್ಷೆಯಲ್ಲಿ ಅಮ್ಮನ ರಕ್ತ ಮೊದಲಿಗಿಂತ ಏರಿತ್ತು, ಪೂರ್ತಿ ಸರಿಯಾಗಿರಲಿಲ್ಲ. ಹಿತ್ತಿಲಿನಿಂದ ಅಡುಗೆಮನೆಗೆ ಅವಳು ಈಗ ಒಂದೇ ಕಡೆ ಕೂತು ಬರುತ್ತಿದ್ದಳು.