ಎರಡು ಸಾವಿರ ದಾಟಬಾರದ ಕಾರು

ಹೋದ ಫೆಬ್ರವರಿಯ ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ, ಅಫಜಲಪುರದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ ಇಟಲಿಯ ಒಂದು ಸ್ಪೋರ್ಟ್ಸ್ ಕಾರಿಗೆ ಬೆಂಕಿ ಹತ್ತಿತು. ಆರಿಸಲು ಐದು ಕೊಡ ನೀರು ಬೇಕಾಯಿತು. (ಎಣಿಸಿದ್ದೇನೆ. ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತೇ ಇದೆ.)

ಬೆಂಕಿ ಹತ್ತಿದ್ದು ನನ್ನ ಲೆಕ್ಕದಿಂದ.

ಕಾರು ನನ್ನದಲ್ಲ, ಗಾಬರಿ ಬೇಡ. ಅದು ಅಫಜಲಪುರದ ನನ್ನ ಸೋದರಮಾವನದು. ಮಾವನ ಲಾರಿಗಳು ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತವೆ. ಐದು ವರ್ಷದ ಹಿಂದೆ, ಒಂದು ಒಳ್ಳೆಯ ಹಂಗಾಮು ಮುಗಿದ ಮೇಲೆ, ಪುಣೆಗೆ ಹೋದವರು ಈ ಹಳದಿ ಕಾರು ತಗೊಂಡು ಬಂದರು. ಎರಡೇ ಸೀಟು. ನೆಲಕ್ಕೆ ಅಂಟಿಕೊಂಡಂತೆ ಎತ್ತರ. ಓಣಿಯವರು ಅದೇ ದಿನ ‘ಕಪ್ಪಿ’ ಎಂದು ಹೆಸರಿಟ್ಟರು. ನಮ್ಮ ಕಡೆ ಕಪ್ಪೆಗೆ ಹಾಗೆನ್ನುತ್ತಾರೆ.

ಅಣ್ಣತಮ್ಮಂದಿರು ನಕ್ಕರು. ಮಾವ ಹೇಳಿದ್ದು ಒಂದೇ ಮಾತು: “ಇದು ಖರ್ಚಲ್ಲಪಾ, ಠೇವಣಿ.”

ಆ ಮಾತು ಸುಳ್ಳೇನಲ್ಲ. ನೀವು, ನಾನು ಕೊಳ್ಳುವ ಕಾರು ಶೋರೂಮಿನ ಗೇಟು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳಲು ಶುರುಮಾಡುತ್ತದೆ. ಇಂಥ ಕಾರುಗಳೂ ಮೊದಲು ಒಂದಿಷ್ಟು ಇಳಿಯುತ್ತವೆ. ಆದರೆ ಕೆಲವು ಅಲ್ಲಿಗೆ ನಿಲ್ಲುತ್ತವೆ. ಕೆಲವು ಮತ್ತೆ ಏರುತ್ತವೆ. ಯಾಕೆ? ಕಂಪನಿ ಮಾಡಿದ್ದೇ ಕಡಿಮೆ, ಬೇಕೆನ್ನುವವರು ಹೆಚ್ಚು. ಆದರೆ ಷರತ್ತುಗಳಿವೆ. ಬಣ್ಣ ಕಂಪನಿಯದೇ ಇರಬೇಕು. ಸರ್ವಿಸಿನ ಕಾಗದ ಒಂದೂ ತಪ್ಪಬಾರದು. ಎಲ್ಲಕ್ಕಿಂತ ಮುಖ್ಯ, ಕಾರು ಓಡಿರಬಾರದು.

ಓಡುವುದಕ್ಕೆಂದೇ ಹುಟ್ಟಿದ ವಸ್ತು ಓಡದಿದ್ದರೆ ಬೆಲೆ ಹೆಚ್ಚು. ಇದನ್ನು ಮೊದಲ ಸಲ ಕೇಳಿದಾಗ ನಾನು ಡೈರಿಯಲ್ಲಿ ಬರೆದು, ಅಡಿಗೆರೆ ಎಳೆದಿದ್ದೆ.

ಕಾರಿನ ದಫ್ತರ ಇಡುವ ಕೆಲಸ ಮಾವ ನನಗೇ ಕೊಟ್ಟರು. ನಾನಿರುವುದು ಆಳಂದದಲ್ಲಿ. ಆದರೂ ಕಾರು ಹೊರಬಿದ್ದಾಗಲೆಲ್ಲ ಫೋನು ಬರುತ್ತಿತ್ತು: ತಾರೀಖು, ಎಲ್ಲಿಗೆ, ಎಷ್ಟು ಕಿಲೋಮೀಟರ್. ತೊಗರಿ ಇಡುತ್ತಿದ್ದ ಗೋದಾಮು ಖಾಲಿ ಮಾಡಿ ಅದರೊಳಗೆ ಕಾರು ನಿಲ್ಲಿಸಿ, ಮೇಲೆ ಬಟ್ಟೆ ಹೊದಿಸಿದ್ದರು. ಇಲಿ ವೈರು ಕಡಿಯದಂತೆ ಎರಡು ಬೆಕ್ಕು ಸಾಕಿದ್ದರು. ಕೊಂಡಾಗ ಮೀಟರು ನಾಲ್ಕು ನೂರು ತೋರಿಸುತ್ತಿತ್ತು. ಐದು ವರ್ಷ ಮುಗಿದಾಗ ಸಾವಿರದ ಒಂಬೈನೂರ ಮೂವತ್ತೊಂದು.

ಎರಡನೇ ಸೀಟಿನಲ್ಲಿ ಯಾರು ಕೂತರು ಎಂದೂ ಬರೆದಿಟ್ಟಿದ್ದೆ, ಯಾರೂ ಹೇಳದಿದ್ದರೂ. ಕಾರಿನ ರಿಪೇರಿ ನೋಡುವ ಜೇವರ್ಗಿಯ ಖಾಜಾ ಮಿಸ್ತ್ರಿ ಹದಿನಾಲ್ಕು ಸಲ. ನಾನು ಒಂಬತ್ತು. ಪೂಜೆಯ ದಿನದ ತೆಂಗಿನಕಾಯಿ ಒಂದು ಸಲ. ಅತ್ತೆ ಸೊನ್ನೆ.

ಅತ್ತೆ ಕೇಳಿರಲಿಲ್ಲ ಎಂದಲ್ಲ. ಅವರ ತವರು ಆಳಂದ ತಾಲೂಕಿನ ಮಟಕಿ. ಜನವರಿಯಲ್ಲಿ ನನ್ನೆದುರಿಗೇ ಕೇಳಿದರು.

“ಒಮ್ಮೆ ಮಟಕಿಗೆ ಇದರಾಗ ಕರ್ಕೊಂಡು ಹೋಗ್ರಿ. ನಮ್ಮಕ್ಕ ನೋಡ್ಲಿ.”

“ಹೋಗಿ ಬಂದ್ರ ಎರಡು ಸಾವಿರ ದಾಟತದ,” ಎಂದರು ಮಾವ. “ಲಾರಿ ಆ ಕಡೀನ ಹೊಂಟದ, ಅದರಾಗ ಹೋಗು.”

“ಕಬ್ಬಿನ ಕೂಡ?”

“ಮುಂದ ಕೂಡಬೇ.”

ಅತ್ತೆ ಬಸ್ಸಿಗೆ ಹೋದರು.

ಆ ಎರಡು ಸಾವಿರದ ಹಿಂದೆ ಒಂದು ಕಾರಣವಿತ್ತು. ಹೈದರಾಬಾದಿನ ಇರ್ಫಾನ್ ಸಾಹೇಬರು, ಇಂಥ ಕಾರುಗಳ ವ್ಯಾಪಾರಿ, ಫೋನಿನಲ್ಲಿ ಮಾತು ಕೊಟ್ಟಿದ್ದರು: ಎರಡು ಸಾವಿರದೊಳಗೆ ಇದ್ದರೆ ನೀವು ಕೊಟ್ಟಷ್ಟೂ ಕೊಡುತ್ತೇನೆ. ಆ ಹಣದಲ್ಲಿ ಕಬ್ಬು ಕಟಾವು ಮಾಡುವ ಯಂತ್ರ ಕೊಳ್ಳುವುದು ಮಾವನ ಯೋಜನೆ. ಜೊತೆಗೆ ಅಣ್ಣತಮ್ಮಂದಿರ ಮುಂದೆ ಆಡಿದ ಮಾತೂ ಉಳಿಯಬೇಕು. ಯಾವುದು ಹೆಚ್ಚು ಮುಖ್ಯವಾಗಿತ್ತೋ ನಾನು ಹೇಳಲಾರೆ.

ಅವರಿಗೆ ಕಾರು ತೋರಿಸಬೇಕಾದದ್ದು ಕಲಬುರಗಿಯ ಒಂದು ವರ್ಕ್‌ಶಾಪಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಲಾರಿಗೆ ಏರಿಸಿ ಒಯ್ಯೋಣವೆಂದರೆ ಹತ್ತಿಸಲು ಇಟ್ಟ ಹಲಗೆಗೆ ಕಾರಿನ ಮೂಗು ತಾಗುತ್ತಿತ್ತು. ಓಡಿಸಿಕೊಂಡೇ ಹೋಗಬೇಕು. ಮನೆಯಿಂದ ಅರವತ್ತೆರಡು ಕಿಲೋಮೀಟರ್. ಮುಟ್ಟಿದಾಗ ಸಾವಿರದ ಒಂಬೈನೂರ ತೊಂಬತ್ತಮೂರು. ಏಳು ಕಿಲೋಮೀಟರ್ ಉಳಿತಾಯ. ನಾನು ಹತ್ತನೇ ಸಲ ಆ ಸೀಟಿನಲ್ಲಿ ಕೂತೆ.

ಹತ್ತೊಂಬತ್ತನೇ ಕಿಲೋಮೀಟರಿನಲ್ಲಿ ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತ ಗಿಡ ಹರವಿದರೆ ಬಸ್ಸು, ಟ್ರ್ಯಾಕ್ಟರು ಹಾದು ಕಾಳು ಬಿಡಿಸಿಕೊಡುತ್ತವೆ. ದಡದಲ್ಲಿ ಹೆಂಗಸರು ನಾಲ್ಕೈದು ಮಂದಿ ಕೂತಿದ್ದರು. ಹಿರಿಯಾಕೆ ನೀಲವ್ವ ಎದ್ದು ಬಂದು ಕಾರನ್ನು ನೋಡಿದಳು.

“ಹಾಯಿಸ್ರಿ ಯಪ್ಪಾ. ಗಾಲಿ ಅಗಲ ಅದಾವ, ಚಲೋ ತುಳೀತಾವ.”

“ಇದು ಹಾಯೂದಿಲ್ಲವ್ವಾ. ಹೊಟ್ಟಿ ನೆಲಕ್ಕ ಹತ್ತತದ,” ಎಂದರು ಮಾವ.

“ಹಂಗಾರ ಅರ್ಧ ತಾಸು ತಡೀರಿ, ಸರಿಸಿ ಹಾದಿ ಮಾಡ್ತೇವಿ.”

ಅರ್ಧ ತಾಸು ತಡೆದರೆ ಹನ್ನೊಂದು ತಪ್ಪುತ್ತದೆ. ಹಿಂದೆ ತಿರುಗಿ ಸುತ್ತು ಹಾಕಿದರೆ? ಮಾವ ನನ್ನ ಕಡೆ ನೋಡಿದರು. “ಎಷ್ಟಾಗತದ ಹೇಳಲೇ.”

“ಹದಿನಾಲ್ಕು ಹೆಚ್ಚು ಮಾಮಾ. ಎರಡು ಸಾವಿರದ ಏಳು.” ಆಮೇಲೆ ನಾನೇ ಸೇರಿಸಿದೆ: “ಸಣ್ಣಗ ಹಾಯಿಸ್ರಿ. ಏನಾಗೂದಿಲ್ಲ.”

ಮಾವ ಹಾಯಿಸಿದರು. ಕೆಳಗೆ ಕರಕರ ಸದ್ದು. ಕಾರು ಗಿಡ ದಾಟಿತು, ರಸ್ತೆ ಸಿಕ್ಕಿತು, ಇಬ್ಬರೂ ಉಸಿರು ಬಿಟ್ಟೆವು. ಸ್ವಲ್ಪ ಮುಂದೆ ಹೋದ ಮೇಲೆ ಮಾವ ಗಾಜು ಇಳಿಸಿ ಮೂಸಿದರು.

“ಯಾರೋ ಕಡ್ಲಿ ಹುರಿಯಾಕತ್ತಾರ ನೋಡು. ಘಮ್ ಅಂತದ.”

ಹುರಿಯುತ್ತಿದ್ದವರು ನಾವೇ. ಒಣ ಗಿಡ ಕಾರಿನ ಹೊಟ್ಟೆಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತ್ತು. ನಾವು ಇಳಿಯುವುದಕ್ಕೂ ಹೆಂಗಸರು ಕೊಡ ಹೊತ್ತು ಓಡಿ ಬರುವುದಕ್ಕೂ ಸರಿಹೋಯಿತು. ಹೊಗೆ ನಿಂತ ಮೇಲೆ ನೀಲವ್ವ ಬರಿದಾದ ಕೊಡ ಬಗ್ಗಿಸಿ ತೋರಿಸಿದಳು.

“ನಮ್ದು ಸಂಜೀ ತನಕದ ನೀರು ಕುಡೀತ್ರಿ ನಿಮ್ಮ ಗಾಡಿ. ತಡೀರಿ ಅಂದ್ರ ತಡೀಲಿಲ್ಲ.”

ಮಾವ ಜೇಬಿನಿಂದ ಫೋನು ತೆಗೆದರು. ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಇರ್ಫಾನ್ ಸಾಹೇಬರು ಫೋನು ಕೇಳಿ ಕಲಬುರಗಿಯಿಂದ ಅಲ್ಲಿಗೇ ಬಂದರು. ಇಸ್ತ್ರಿ ಅಂಗಿಯಲ್ಲೇ ರಸ್ತೆಯ ಮೇಲೆ ಮಲಗಿ, ಮೊಬೈಲಿನ ಬೆಳಕಲ್ಲಿ ಕೆಳಗೆ ನೋಡಿದರು. ಎದ್ದು ಧೂಳು ಕೊಡವಿಕೊಂಡು ಹೇಳಿದರು: “ಕೆಳಗಿನ ಪ್ಯಾನಲ್ ಸುಟ್ಟದ. ಇಂಜಿನ್ ಸಲಾಮತ್ ಅದ. ಮುಕ್ಕಾಲು ಕೊಡ್ತೀನಿ ನೋಡ್ರಿ. ಈಗೇ ಒಯ್ತೀನಿ.”

ಮಾವ ಕಾರಿನ ಸುತ್ತ ಒಮ್ಮೆ ನಡೆದು ಬಂದರು. ಆಮೇಲೆ ಕೇಳಿದ್ದು ಬೆಲೆಯ ಬಗ್ಗೆ ಅಲ್ಲ.

“ಒಯ್ದು ಎಲ್ಲಿ ಓಡಸ್ತೀರಿ?”

“ಓಡಿಸೂದೇನ್ರಿ? ಎಸಿ ರೂಮ್‌ನಾಗ ಇಡ್ತೀನಿ. ನಾಕೈದು ವರ್ಷಕ್ಕ ಇನ್ನೊಬ್ರು ತಗೋತಾರ.”

“ಅವ್ರು ಓಡಸ್ತಾರ?”

“ಹುಚ್ಚರೇನ್ರಿ ಅವ್ರು? ಅವ್ರೂ ಇಡ್ತಾರ.”

ಮಾವ ನಾಲ್ಕು ದಿನ ಟೈಮ್ ಕೊಡಿ ಎಂದರು. ಜೇವರ್ಗಿಯಿಂದ ಖಾಜಾ ಮಿಸ್ತ್ರಿ ಬಂದು, ಜೋತಾಡುತ್ತಿದ್ದ ಪ್ಲಾಸ್ಟಿಕ್ಕಿಗೆ ತಂತಿ ಬಿಗಿದು ಕೊಟ್ಟ. ಕಾರು ಮೆಲ್ಲಗೆ ಮನೆಗೆ ಮರಳಿತು.

ರೀಸೇಲ್ ಎಂದರೆ ಮೂಗು ಮುರಿಯುವವನಲ್ಲ ನಾನು. ಮಾವನ ಮೊದಲ ಲಾರಿ ಬಂದದ್ದೇ ಹಳೆಯ ಟ್ರ್ಯಾಕ್ಟರ್ ಒಳ್ಳೆಯ ಬೆಲೆಗೆ ಹೋದದ್ದರಿಂದ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗಾಡಿಯೇ ಉಳಿತಾಯ ಖಾತೆ. ಆದರೆ ಆ ಟ್ರ್ಯಾಕ್ಟರು ಹೊಲ ಹೂಡಿತ್ತು, ಮದುವೆ ದಿಬ್ಬಣ ಹೊತ್ತಿತ್ತು, ಆಮೇಲೆ ಮಾರಾಟವಾಯಿತು. ಈಗ ನಾವು ಮೊಬೈಲು ಕೊಂಡ ಕೂಡಲೇ ಗಾಜಿನ ಮೇಲೆ ಗಾಜು ಅಂಟಿಸುತ್ತೇವೆ. ಸೋಫಾದ ಪ್ಲಾಸ್ಟಿಕ್ ತೆಗೆಯದೆ ಬೆವರುತ್ತ ಕೂರುತ್ತೇವೆ. ಯಾರಿಗಾಗಿ? ಮುಂದೆ ಎಂದೋ ಬರುವ, ಮುಖ ಪರಿಚಯವಿಲ್ಲದ ಒಬ್ಬ ಗಿರಾಕಿಗಾಗಿ. ಅವನೂ ಅದನ್ನು ಬಳಸುವವನಲ್ಲ ಎಂದು ತಿಳಿದರೆ?

ಭಾನುವಾರ ಮಾವ ಅತ್ತೆಯನ್ನು ಕೂರಿಸಿಕೊಂಡು ಮಟಕಿಗೆ ಹೊರಟರು. ನಾನು ಬೈಕಿನಲ್ಲಿ ಹಿಂದೆ. ಎರಡು ಸಾವಿರ ಆಳಂದ ಬರುವ ಮೊದಲೇ ದಾಟಿತಂತೆ. ಮಾವ ಗಾಡಿ ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ರಸ್ತೆಯ ಹಂಪುಗಳಿಗೆ. ಪ್ರತಿ ಹಂಪಿಗೂ ಅತ್ತೆ ಇಳಿಯಬೇಕು, ಭಾರ ಕಡಿಮೆಯಾದ ಕಾರು ಓರೆಯಾಗಿ ದಾಟಬೇಕು, ಅತ್ತೆ ನಡೆದು ಬಂದು ಮತ್ತೆ ಒಳಗೆ ಇಳಿಯಬೇಕು. ಹನ್ನೊಂದು ಹಂಪು. ಮಟಕಿಯಲ್ಲಿ ಅಕ್ಕ ಕೈಹಿಡಿದು ಎಬ್ಬಿಸುವಾಗ ಅತ್ತೆ ಮೊಣಕಾಲು ಒತ್ತಿಕೊಂಡು ಹೇಳಿದರು: “ಕಾರಿನಾಗ ಬಂದ್ನೋ ನಡಕೋತ ಬಂದ್ನೋ, ತಿಳೀವಲ್ದು. ಬಸ್ಸೇ ಚಲೋ ಇತ್ತು.”

ಹಾಗೆಂದವರೇ ಅಕ್ಕನನ್ನು ತಮ್ಮ ಸೀಟಿನಲ್ಲಿ ಕೂರಿಸಿ ಊರ ಸುತ್ತ ಒಂದು ರೌಂಡ್ ಹಾಕಿಸಿದರು. ಆಮೇಲೆ ಅಕ್ಕನ ಸೊಸೆಯಂದಿರು, ಪಕ್ಕದ ಮನೆಯವರು, ಅಂಗನವಾಡಿಯ ಟೀಚರು. ಸಂಜೆಯೊಳಗೆ ಆ ಸೀಟಿನಲ್ಲಿ ಇಪ್ಪತ್ತಮೂರು ಹೆಂಗಸರು. ಕಡೆಯ ರೌಂಡಿನ ಹೊತ್ತಿಗೆ ಮಾವ ಹಾರ್ನ್ ಬಾರಿಸುವುದನ್ನೂ ಕಲಿತಿದ್ದರು.

ಮರುದಿನ ಇರ್ಫಾನ್ ಸಾಹೇಬರ ಫೋನು. ಕಿಲೋಮೀಟರ್ ಕೇಳಿ ಇನ್ನಷ್ಟು ಇಳಿಸಿದ ಬೆಲೆಯೊಂದನ್ನು ಹೇಳಿದರು. ಕಟಾವಿನ ಯಂತ್ರಕ್ಕೆ ಅದು ಸಾಲದು, ಆದರೆ ತೀರ ಬಿಡುವಂಥ ಮೊತ್ತವೂ ಅಲ್ಲ. ಮಾವ ನನ್ನನ್ನು ಕೇಳಲಿಲ್ಲ. ಸ್ಪೀಕರ್ ಒತ್ತಿ ಫೋನನ್ನು ಅತ್ತೆಯ ಮುಂದೆ ಇಟ್ಟರು. “ನೀನೇ ಹೇಳು. ಕೊಡೂದೋ ಬಿಡೂದೋ?”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಫೋನಿಗೆ ಬಾಗಿದರು.

“ಸಾಹೇಬ್ರ, ತಗೊಳ್ಳಾವ್ರು ಮನಿ ಹೆಣ್ಮಕ್ಕಳನ್ನ ಇದರಾಗ ಕೂಡಸ್ತಾರೇನ್ರಿ, ಇಲ್ಲಾ ಅವರ ಮ್ಯಾಲೂ ಬಟ್ಟಿ ಹೊಚ್ಚಿ ಇಡ್ತಾರ?”