ಗಾಳಿಯ ಯಂತ್ರ ನಮ್ಮ ಮನೆಗೆ ಬಂದಾಗ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಮ್ಮ ಮನೆಯಲ್ಲಿ ಗೊರಕೆಗೆ ಮರ್ಯಾದೆ ಇತ್ತು. ಗೋಕಾಕದ ನಮ್ಮ ಅರಿವೆ ಅಂಗಡಿಯ ಗಾದಿಯ ಮೇಲೆ ಮಧ್ಯಾಹ್ನ ನನ್ನ ಗಂಡ ಒರಗಿದರೆ ಎದುರಿನ ಪಾನ್ ಅಂಗಡಿಯವರೆಗೂ ಕೇಳುತ್ತಿತ್ತು. "ಹೊಟ್ಟಿ ತುಂಬೈತಿ, ಮನಸಿನ್ಯಾಗ ಚಿಂತಿ ಇಲ್ಲ. ಗೊರಕಿ ಹೊಡಿಲಾರ್ದ ಏನ ಮಾಡ್ಯಾನು?" ಎಂದು ಅತ್ತೆ ಹೆಮ್ಮೆಪಡುತ್ತಿದ್ದರು.

ನನಗೆ ಕಾಣುತ್ತಿದ್ದುದು ಬೇರೆ. ಗೊರಕೆ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಎದೆ ಹೆಣಗುತ್ತಿತ್ತು, ಉಸಿರು ಮಾತ್ರ ಇಲ್ಲ, ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಆಮೇಲೆ ನೀರಲ್ಲಿ ಮುಳುಗಿ ಎದ್ದವರಂತೆ ಗಕ್ಕನೆ ಉಸಿರೆಳೆದು ಮತ್ತೆ ಗೊರಕೆ. ಎಷ್ಟು ಮಲಗಿದರೂ ಎದ್ದಾಗ ತಲೆ ಭಾರ. ಒಮ್ಮೆ ಕುಪ್ಪಸದ ಬಟ್ಟೆ ಅಳೆಯುತ್ತಲೇ ತೂಕಡಿಸಿದಾಗ ಗಿರಾಕಿ ಹೆಂಗಸು, "ಅಣ್ಣಾರ, ಮಲಗಿ ಎದ್ದ ಮ್ಯಾಲ ಹರೀರಿ, ನಾ ಚಾ ಕುಡದ ಬರ್ತೇನಿ" ಎಂದಿದ್ದಳು. ಎಲ್ಲರೂ ನಕ್ಕಿದ್ದೆವು.

ಮೂಡಲಗಿ ಸಂತೆಯಿಂದ ಬರುವಾಗ ಮಸಗುಪ್ಪಿಯ ಹತ್ತಿರ ನಮ್ಮ ವ್ಯಾನು ಮೆಲ್ಲಗೆ ಗೋವಿನಜೋಳದ ಹೊಲಕ್ಕೆ ಇಳಿದು ನಿಂತಾಗ ನಗು ಬರಲಿಲ್ಲ. ಯಾರಿಗೂ ಏಟಾಗಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಅವರು ನಿದ್ದೆ ಹೋಗಿದ್ದರು.

ಬೆಳಗಾವಿಯ ಡಾಕ್ಟರು ಮಲಗಿಸಿಕೊಂಡು ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ಗಂಟಲಿನ ದಾರಿ ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಂತಾಗಲೆಲ್ಲ ಮಿದುಳು ಎಬ್ಬಿಸುತ್ತದೆ. ಇವರು ಮಲಗಿದ್ದಾರೆ, ನಿದ್ದೆ ಮಾಡಿಲ್ಲ ಎಂದರು. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ಮಲಗುವಾಗ ಮಾಸ್ಕ್ ಕಟ್ಟಿಕೊಂಡು ಯಂತ್ರದಿಂದ ಗಾಳಿ ತೆಗೆದುಕೊಳ್ಳಬೇಕು. "ಇದು ಸರಿ ಆಗೋತನಕ ಗಾಡಿ ಮುಟ್ಟಬ್ಯಾಡ್ರಿ." ಮೂಡಲಗಿ, ಹುಕ್ಕೇರಿ ಸಂತೆಗಳಿಗೆ ತಾವೇ ವ್ಯಾನು ಓಡಿಸಿಕೊಂಡು ಹೋಗುವುದೇ ಅವರ ಬದುಕಿನ ದೊಡ್ಡ ಖುಷಿ.

ಯಂತ್ರ ಬಂತು. ಅದರ ಕೊಳವೆ ನೋಡಿ, "ಆನಿ ಸೊಂಡಿ ಆತಲ್ಲ, ಮಂದಿ ನಗ್ತಾರ" ಎಂದು ಇವರು ಮುಖ ತಿರುಗಿಸಿದರು. ಅತ್ತೆ ಬಿಡಲಿಲ್ಲ. "ಬಸದ್ಯಾಗ ಪೂಜಿ ಮಾಡೂವಾಗ ಬಾಯಿಗೆ ಅರಿವಿ ಕಟ್ಕೋತಿ. ಮನ್ಯಾಗ ಕಟ್ಕೊಂಡ್ರ ಏನ ಹೋತು?"

ಕಟ್ಟಿಕೊಂಡರು. ಆದರೆ ದಿನ ಕಳೆದರೂ ಗುಣವಿಲ್ಲ. "ಗಾಳಿ ಕೊಡೂದ ಇರ್ಲಿ, ನನ್ನ ಉಸುರ ಇದ ಎಳಕೊಳ್ಳಾಕತ್ತೈತಿ. ವಾಪಸ್ ಕೊಟ್ಟ ಬಿಡೂನು. ವ್ಯಾನಿಗೆ ಡ್ರೈವರನ್ನ ನೋಡೂನು" ಎಂದರು. ದನಿ ಸಣ್ಣದಾಗಿತ್ತು.

ಯಾವ ವಸ್ತುವನ್ನೇ ಆಗಲಿ ಹಿಂಬದಿಯನ್ನೂ ಒರೆಸಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಮರುದಿನ ಮೇಜು ಒರೆಸುತ್ತ ಯಂತ್ರವನ್ನು ತಿರುಗಿಸಿದೆ. ಗಾಳಿ ಒಳಗೆ ಹೋಗುವ ಕಿಂಡಿಗೆ ಜೈನರಾದ ನಾವು ಕುಡಿಯುವ ನೀರು ಸೋಸುವ ದಪ್ಪ ಬಿಳಿ ಬಟ್ಟೆ, ಮಡಚಿ ಮಡಚಿ ಬಿಗಿಯಾಗಿ ಕಟ್ಟಿತ್ತು.

"ನಾನ ಕಟ್ಟೇನಿ," ಎಂದರು ಅತ್ತೆ ನಿರಾಳವಾಗಿ. "ನೀರಿನ್ಯಾಗ ಇದ್ದಂಗ ಗಾಳ್ಯಾಗೂ ಸಣ್ಣ ಸಣ್ಣ ಜೀವ ಇರ್ತಾವ. ಇದು ಸುಂಯ್ ಅಂತ ಎಳಕೊಂಡ್ರ? ಮಲಗಿದಲ್ಲೇ ಪಾಪ ಕಟ್ಕೋಬೇಕೇನ ಅಂವ?"

"ದಯಾ ಇರ್ಲಿ ಅವ್ವಾ," ಎಂದರು ಇವರು, "ಆ ಜೀವದಾಗ ನಂದೂ ಒಂದ ಎಣಿಸ."

ನಾನು ಹಿಂದಿನ ಮುಚ್ಚಳ ತೆಗೆದು ಒಳಗಿದ್ದ ಸ್ಪಂಜಿನಂಥ ಜಾಲರಿ ತೋರಿಸಿದೆ. ಗಾಳಿಯನ್ನು ಇದೇ ಸೋಸುತ್ತದೆ ಎಂದೆ. ಅತ್ತೆ ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿದರು. "ಹಂಗಾರ ಇದನ್ನ ಮಾಡಿದಾಂವ ನಮ್ಮ ಪೈಕಿನ ಇರಬೇಕು" ಎಂದು ಬಟ್ಟೆ ಬಿಚ್ಚಿಕೊಂಡು ಹೋದರು.

ಅವತ್ತು ಮಧ್ಯಾಹ್ನ ಇವರು ಮಾಸ್ಕ್ ಕಟ್ಟಿಕೊಂಡು ಮಲಗಿದರೆ ಮನೆಯಲ್ಲಿ ಗೊರಕೆಯ ಸಪ್ಪಳವೇ ಇಲ್ಲ. ಅತ್ತೆ ಗಾಬರಿಯಾಗಿ ಓಡಿ ಬಂದರು. "ಏನವಾ ಇದು, ಅಂವ ಅದಾನಿಲ್ಲೋ?" ನಾನು ತೋರಿಸಿದೆ. ಹೊದ್ದ ಧೋತರದ ಅಂಚು ಒಂದೇ ಸಮನೆ ಏರುತ್ತಿತ್ತು, ಇಳಿಯುತ್ತಿತ್ತು. ನಾವಿಬ್ಬರೂ ಬಾಗಿಲಲ್ಲೇ ಕುಳಿತು ಅದನ್ನೇ ನೋಡಿದೆವು.

ಮುಂದಿನ ಸಲ ಡಾಕ್ಟರು ಮತ್ತೆ ಪರೀಕ್ಷಿಸಿ ಗಾಡಿಗೆ ಒಪ್ಪಿಗೆ ಕೊಟ್ಟರು. ಮೊದಲು ಹೋದದ್ದು ನನ್ನ ತವರು ಹುಕ್ಕೇರಿಗೆ. ಘಟಪ್ರಭಾ ದಾಟಿದ್ದೇ ತಡ, ಇವರ ಬಾಯಿ ನಿಲ್ಲಲಿಲ್ಲ. ಅಲ್ಲಿ ನೋಡು ಕಬ್ಬು, ಇಲ್ಲಿ ನೋಡು ಬಾವಿ, ಈ ಹುಣಸೀಗಿಡ ಯಾವಾಗ ಇಷ್ಟ ದೊಡ್ಡದಾತು?

"ತಮ್ಮಾ, ಗಿಡ ಅಲ್ಲೇ ಇರತೈತಿ," ಎಂದರು ಹಿಂದಿನ ಸೀಟಿನಿಂದ ಅತ್ತೆ. "ನೀ ರಸ್ತೆ ನೋಡ."